ಒಂಟಿ ಹೆಣ್ಣಿನ ವಿದೇಶ ಪ್ರವಾಸ: ಯಾವ ಉಪಾಯ ಕೆಲಸಕ್ಕೆ ಬರುತ್ತದೆ, ಯಾವುದು ಬ್ಯಾಗಿನಲ್ಲೇ ಉಳಿಯುತ್ತದೆ

ಒಬ್ಬಳೇ ವಿದೇಶ ಸುತ್ತುವ ಹೆಣ್ಣಿಗೆ ಸಲಹೆಗಳಿಗೂ ಬರವಿಲ್ಲ, ಅವಳಿಗೆಂದೇ ಮಾರುವ ಸಾಮಾನುಗಳಿಗೂ ಬರವಿಲ್ಲ. ಇಲ್ಲಿ ಹೋಲಿಸಿರುವ ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಬಳಸಿ ನೋಡಿದೆವು: ರಾತ್ರಿ ಹನ್ನೊಂದು ಗಂಟೆ, ನಿದ್ದೆಗೆಟ್ಟ ಮೈ, ಒಂದು ಕೈಯಲ್ಲಿ ಸೂಟ್‌ಕೇಸ್, ಎದುರಿಗೆ ದಾರಿ ಬಿಡದೆ ನಿಂತ ಒಬ್ಬ ಮನುಷ್ಯ. ಆ ಹೊತ್ತಿನಲ್ಲಿ ಇದು ನಡೆಯುತ್ತದೆಯೇ? ಧೈರ್ಯ, ವಾದ, ಮಾತಿನ ಚುರುಕು ಬೇಡುವ ಉಪಾಯಗಳು ಬಹುತೇಕ ಇಲ್ಲಿ ಸೋತವು. ಮೊದಲೇ ಮಾಡಿಟ್ಟುಕೊಳ್ಳುವ ಸಪ್ಪೆ ಏರ್ಪಾಡುಗಳು ಗೆದ್ದವು.

ವಿಮಾನ ನಿಲ್ದಾಣದಿಂದ ಕೋಣೆಯವರೆಗೆ

ಹೊರಬಾಗಿಲ ಒಳಗೇ ಬಂದು "ಟ್ಯಾಕ್ಸಿ ಮೇಡಂ?" ಎನ್ನುವವನನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಪರವಾನಗಿ ಇರುವ ಚಾಲಕ ಹೊರಗೆ ಸಾಲಿನಲ್ಲಿ ತನ್ನ ಸರದಿಗೆ ಕಾಯುತ್ತಾನೆ. ಅವನಿಗೆ ಒಳಗೆ ಬಂದು ಗಿರಾಕಿ ಹಿಡಿಯುವ ಅಗತ್ಯವಿರುವುದಿಲ್ಲ.

ಅಧಿಕೃತ ಟ್ಯಾಕ್ಸಿ ಸಾಲು ದರ ನಿಗದಿಯಾದ ಊರುಗಳಲ್ಲಿ ತುಂಬ ಚೆನ್ನ. ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ 2022ರ ಕೊನೆಯಿಂದ 70 ಡಾಲರ್ ನಿಗದಿತ ದರವಿದೆ. ಟೋಲ್ ಮತ್ತು ಮೇಲ್ತೆರಿಗೆಗಳು ಬೇರೆ. ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ನಿಲ್ದಾಣದಿಂದ ಊರೊಳಗೆ ಬರಲು ಸರ್ಕಾರ ಎರಡೇ ದರ ಗೊತ್ತುಮಾಡಿದೆ, ಸೇನ್ ನದಿಯ ಬಲದಂಡೆಗೆ ಒಂದು, ಎಡದಂಡೆಗೆ ಇನ್ನೊಂದು. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲಿ ಯಂತ್ರದಿಂದ ಚೀಟಿ ಪಡೆದು ಕಾರಿಗೆ ಹೋಗಬೇಕು. ಆ ಚೀಟಿ ನಿಮ್ಮ ಬಳಿಯೇ ಇರಲಿ, ಚಾಲಕ ಕೇಳಿದರೂ ಕೊಡಬೇಡಿ. ದೂರು ಕೊಡುವ ಪ್ರಸಂಗ ಬಂದರೆ ಇರುವ ಸಾಕ್ಷಿ ಅದೊಂದೇ.

ಇಲ್ಲಿ ಎಡವಟ್ಟಾಗುವುದು ಇಳಿಯುವಾಗ. ದೊಡ್ಡ ನೋಟು ಕೊಡುತ್ತೀರಿ, ಅವನು ಅದನ್ನು ಅಂಗೈಯಲ್ಲಿ ಅಡಗಿಸಿ ಚಿಕ್ಕ ನೋಟು ತೋರಿಸಿ "ಇಷ್ಟೇ ಕೊಟ್ಟಿದ್ದು" ಎನ್ನುತ್ತಾನೆ. ನೋಟಿನ ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾ ಕೊಟ್ಟರೆ ಈ ಆಟ ನಡೆಯುವುದಿಲ್ಲ. ಇನ್ನೂ ಮುಖ್ಯವಾದದ್ದು ಲಗೇಜು. ಅದು ಡಿಕ್ಕಿಯಲ್ಲಿರುವವರೆಗೆ ವಾದದಲ್ಲಿ ನಿಮ್ಮ ಕೈ ಕೆಳಗೇ. ಸಾಧ್ಯವಾದರೆ ಪಕ್ಕದ ಸೀಟಿನಲ್ಲೇ ಇಟ್ಟುಕೊಳ್ಳಿ. ಡಿಕ್ಕಿಗೆ ಹಾಕಲೇಬೇಕಾದರೆ ಮೊದಲು ಇಳಿದು, ಹಿಂದಿನ ಬಾಗಿಲು ತೆರೆದೇ ಬಿಟ್ಟು, ಪೆಟ್ಟಿಗೆ ಕೈಗೆ ಬಂದ ಮೇಲೆ ಹಣ ಕೊಡಿ. ಬಾಗಿಲು ತೆರೆದಿರುವ ಕಾರು ಹೊರಟುಹೋಗುವುದಿಲ್ಲ.

ಆಪ್ ಕ್ಯಾಬ್‌ನಲ್ಲಿ ದರದ ಜಗಳವಿಲ್ಲ, ಪ್ರಯಾಣದ ದಾಖಲೆಯೂ ಉಳಿಯುತ್ತದೆ. ಇದರ ದುರ್ಬಲ ಜಾಗ ಹತ್ತುವ ಕ್ಷಣ. ಫೋನ್ ನೋಡುತ್ತಾ ನಿಂತವಳ ಹತ್ತಿರ ಬಂದು "ಊಬರ್?" ಎಂದು ಕೇಳಿ ಬೇರೆಯವನು ಕರೆದೊಯ್ಯಬಹುದು. ನಿಮ್ಮ ಹೆಸರು ನೀವಾಗಿ ಹೇಳಬೇಡಿ. "ಯಾರನ್ನು ಕರೆದುಕೊಂಡು ಹೋಗಲು ಬಂದಿದ್ದೀರಿ?" ಎಂದು ಅವನನ್ನೇ ಕೇಳಿ. ಬಣ್ಣ, ಮಾದರಿ ನೋಡಿ ಹತ್ತದೆ ನಂಬರ್ ಪ್ಲೇಟ್ ಓದಿ ಹತ್ತಿ. ಊಬರ್‌ನಲ್ಲಿ ನಾಲ್ಕಂಕಿಯ ಪಿನ್ ವ್ಯವಸ್ಥೆ ಇರುವ ಕಡೆ ಅದನ್ನು ಎಲ್ಲ ಪ್ರಯಾಣಕ್ಕೂ ಆನ್ ಮಾಡಿಡಿ, ಪಿನ್ ಹೇಳದೆ ಸವಾರಿ ಶುರುವಾಗುವುದಿಲ್ಲ. "ಆಪ್‌ನಲ್ಲಿ ಕ್ಯಾನ್ಸಲ್ ಮಾಡಿ ನಗದು ಕೊಡಿ" ಎಂದರೆ ಒಪ್ಪಬೇಡಿ, ಒಪ್ಪಿದ ಗಳಿಗೆಗೆ ದಾಖಲೆ ಮಾಯ. ಇನ್ನೊಂದು ತೊಡಕು: ನಿಲ್ದಾಣದ ವೈಫೈ ಕಾರು ನಿಲ್ಲುವ ಜಾಗ ತಲುಪುವ ಹೊತ್ತಿಗೆ ಕೈಕೊಡುತ್ತದೆ. ಆದ್ದರಿಂದ ಇ-ಸಿಮ್ ಅಥವಾ ರೋಮಿಂಗ್ ಹೊರಡುವ ಮೊದಲೇ ಸಿದ್ಧವಿರಬೇಕು.

ಹೋಟೆಲಿನವರೇ ಕಳಿಸುವ ಕಾರು ಇವುಗಳಲ್ಲೆಲ್ಲ ದುಬಾರಿ. ಆದರೂ ನಡುರಾತ್ರಿ ಇಳಿಯುವವರಿಗೆ ನಮ್ಮ ಮತ ಇದಕ್ಕೇ. ಒಂದೇ ಎಚ್ಚರಿಕೆ: ಫಲಕದ ಮೇಲಿನ ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು, ಹಾಗಾಗಿ ಚಾಲಕನ ಹೆಸರು, ಕಾರಿನ ಸಂಖ್ಯೆ ಎರಡನ್ನೂ ಹೋಟೆಲಿನಿಂದ ಮೊದಲೇ ತರಿಸಿಕೊಳ್ಳಿ. ಹಗಲಾದರೆ ರೈಲಿಗೆ ಸಮವಾದದ್ದಿಲ್ಲ.

ಗಂಟುಬೀಳುವವರಿಗೆ ಉತ್ತರ: ಮೌನವೋ, ನೆಪವೋ, ಸುಳ್ಳೋ, ಕೂಗೋ

ಪ್ಯಾರಿಸ್ಸಿನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬಳಿ ಬೆರಳಿಗೆ ದಾರ ಕಟ್ಟಿ ದುಡ್ಡು ಕೇಳುವವರು, ಮರಾಕೇಶಿನ ಜೆಮಾ ಎಲ್ ಫ್ನಾ ಚೌಕದಲ್ಲಿ ಕೈ ಹಿಡಿದು ಮದರಂಗಿ ಬಿಡಿಸಲು ಶುರುಮಾಡುವ ಹೆಂಗಸರು, ಅರ್ಜಿಗೆ ಸಹಿ ಕೇಳುವ ಗುಂಪು. ಇವರಿಗೆಲ್ಲ ಬೇಕಾದದ್ದು ನಿಮ್ಮ ಕೈ, ಇಲ್ಲವೇ ನೀವು ನಿಲ್ಲುವ ಎರಡು ಸೆಕೆಂಡು. ಮೌನವಾಗಿ ನಡೆಯುತ್ತಲೇ ಇರುವುದಕ್ಕಿಂತ ಒಳ್ಳೆಯ ಉತ್ತರ ಇಲ್ಲಿಲ್ಲ. ಎರಡು ಕೈಯೂ ಬ್ಯಾಗಿನ ಪಟ್ಟಿಯ ಮೇಲಿರಲಿ. "ಸಾರಿ, ಬೇಡ" ಎಂದಿರೋ, ಆ "ಸಾರಿ"ಯನ್ನೇ ಹಿಡಿದು ಎಳೆಯುತ್ತಾರೆ. "ರೈಲಿಗೆ ಹೊತ್ತಾಯಿತು" ಎಂದರೆ "ಎರಡೇ ನಿಮಿಷ". "ನಾಳೆ ಬರುತ್ತೇನೆ" ಎಂಬುದು ನೆಪಗಳಲ್ಲೇ ಕೆಟ್ಟದ್ದು, ನಾಳೆ ಅದೇ ಮೂಲೆಯಲ್ಲಿ ಅದೇ ಮನುಷ್ಯ ಮಾತು ನೆನಪಿಸುತ್ತಾನೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮದರಂಗಿ ಅರ್ಧ ಬಿಡಿಸಿಯೇಬಿಟ್ಟರು ಎನ್ನಿ. ಪೂರ್ತಿಯಾಗಲು ಕಾಯಬೇಡಿ. ಕೈ ಎಳೆದುಕೊಂಡು ನಡೆದುಬಿಡಿ, ಆಮೇಲೆ ತೊಳೆದರಾಯಿತು. ಕಪ್ಪು ಬಣ್ಣದ್ದಾದರೆ ತಡಮಾಡದೆ ತೊಳೆಯಿರಿ. ಕಪ್ಪಾಗಲು ಸೇರಿಸುವ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಕೆಲವರ ಚರ್ಮದಲ್ಲಿ ಬೊಕ್ಕೆ ಏಳಿಸುತ್ತದೆ.

ಮೌನ ಸೋಲುವುದು ಸಹಾಯದ ವೇಷದಲ್ಲಿ ಬರುವ ಮೋಸದ ಮುಂದೆ. ಬ್ಯಾಂಕಾಕಿನ ಅರಮನೆಯ ಹೊರಗೆ ನೀಟಾಗಿ ಉಡುಪು ತೊಟ್ಟವನೊಬ್ಬ "ಇವತ್ತು ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ" ಎಂದು ತುಕ್‌ತುಕ್ ಹತ್ತಿಸುತ್ತಾನೆ. ಸವಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ. ಅರಮನೆ ಸಾಮಾನ್ಯವಾಗಿ ದಿನಾಲೂ ಬೆಳಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ. ಯಾವ ಊರಿನಲ್ಲೇ ಆಗಲಿ, "ಮುಚ್ಚಿದೆ" ಎಂಬ ಮಾತನ್ನು ಟಿಕೆಟ್ ಕಿಟಕಿಯಲ್ಲಿ ಕೂತವರು ಹೇಳಿದರಷ್ಟೇ ನಂಬಿ.

ಶಾಂಘೈ, ಬೀಜಿಂಗ್‌ಗಳ ಚಹಾ ಮೋಸ ಇದಕ್ಕಿಂತ ನಯ. ಇಂಗ್ಲಿಷ್ ಅಭ್ಯಾಸ ಮಾಡಬೇಕು ಎನ್ನುವ ಇಬ್ಬರು ಹುಡುಗಿಯರು ನಗುನಗುತ್ತಾ ಮಾತಾಡಿಸಿ ಚಹಾ ಮನೆಗೆ ಕರೆಯುತ್ತಾರೆ, ಕೊನೆಗೆ ಕಣ್ಣು ಕತ್ತಲೆ ಬರುವ ಬಿಲ್ಲು. ಹುಡುಗಿಯರು ಎಂಬ ಕಾರಣಕ್ಕೇ ಒಂಟಿ ಹೆಣ್ಣು ಇಲ್ಲಿ ಸುಲಭವಾಗಿ ನಂಬುತ್ತಾಳೆ. ಪರಿಚಯವಾದವರೆಲ್ಲ ಕಳ್ಳರು ಎಂದುಕೊಂಡರೆ ಪ್ರವಾಸವೇ ಬೇಡ. ಹಾಗಾಗಿ ಒಂದು ಪರೀಕ್ಷೆ: "ಅಲ್ಲಿ ಬೇಡ, ಈ ಎದುರಿನ ಕಾಫಿ ಅಂಗಡಿಯಲ್ಲಿ ಕೂರೋಣ" ಎನ್ನಿ. ನಿಜಕ್ಕೂ ಮಾತಿಗೆ ಬಂದವರು ಸರಿ ಎನ್ನುತ್ತಾರೆ. ಮೋಸದವರಿಗೆ ಅದೇ ಅಂಗಡಿಯೇ ಆಗಬೇಕು. ಬಿಲ್ಲಿನ ಮುಂದೆ ಸಿಕ್ಕಿಬಿದ್ದು ಬಾಗಿಲಿಗೆ ಯಾರಾದರೂ ಅಡ್ಡ ನಿಂತರೆ ಹಣಕ್ಕಿಂತ ಹೊರಬರುವುದು ದೊಡ್ಡದು. ನಗದಿನ ಬದಲು ಕ್ರೆಡಿಟ್ ಕಾರ್ಡ್ ಕೊಡಿ, ರಸೀದಿ ಇಟ್ಟುಕೊಳ್ಳಿ, ಹೊರಬಂದ ತಕ್ಷಣ ಬ್ಯಾಂಕಿಗೆ ತಕರಾರು ಸಲ್ಲಿಸಿ.

"ಗಂಡ ಕಾಯುತ್ತಿದ್ದಾರೆ" ಎಂಬ ಸುಳ್ಳು, ಬೆರಳಿಗೊಂದು ಅಗ್ಗದ ಉಂಗುರ: ಸಣ್ಣಪುಟ್ಟ ಕಾಟಕ್ಕೆ ಸಾಕು. ಆದರೆ "ಎಲ್ಲಿ? ಯಾವ ಹೋಟೆಲ್?" ಎಂಬ ಮುಂದಿನ ಪ್ರಶ್ನೆಗೆ ಇನ್ನೊಂದು ಸುಳ್ಳು ಬೇಕಾಗುತ್ತದೆ, ಆಗ ತಡವರಿಸಿದರೆ ಬಣ್ಣ ಬಯಲು. "ನಮ್ಮ ಗುಂಪು ಮುಂದೆ ಹೋಗಿದೆ" ಎಂಬುದು ಹೆಚ್ಚು ಗಟ್ಟಿ, ಏಕೆಂದರೆ ಅದನ್ನು ನಡೆಯುತ್ತಲೇ ಹೇಳಬಹುದು. "ಮೊದಲ ಸಲ ಬಂದಿರಾ?" ಎನ್ನುವವರಿಗೆ ಉತ್ತರ ಯಾವಾಗಲೂ "ಇಲ್ಲ, ಹಿಂದೆಯೂ ಬಂದಿದ್ದೆ".

ಮೈ ಮುಟ್ಟಿದರೆ, ದಾರಿಗೆ ಅಡ್ಡ ನಿಂತರೆ ಕೂಗುವುದೇ ಸರಿ. ಇಂಗ್ಲಿಷಿನಲ್ಲಿ ಕೂಗಿದರೆ ಅವನು ಸಮಜಾಯಿಷಿಗೆ ಇಳಿಯುತ್ತಾನೆ. ಕನ್ನಡದಲ್ಲಿ ದಬಾಯಿಸಿದರೆ ಮಾತು ತಿಳಿಯದಿದ್ದರೂ ದನಿ ತಿಳಿಯುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ, ಸುತ್ತಲಿನವರು ತಿರುಗಿ ನೋಡುತ್ತಾರೆ. ಬಾಯಿಗೆ ಬಂದದ್ದನ್ನು ಬೈದರೂ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಹೆಚ್ಚುವರಿ ಲಾಭ. ಹಿಂಬಾಲಿಸುತ್ತಿದ್ದಾನೆ ಎಂಬ ಗುಮಾನಿ ಬಂದರೆ ರಸ್ತೆಯನ್ನು ಎರಡು ಸಲ ದಾಟಿ. ಎರಡೂ ಸಲ ಅವನೂ ದಾಟಿದರೆ ಹತ್ತಿರದ ದೊಡ್ಡ ಹೋಟೆಲಿನ ಲಾಬಿಗೆ ನುಗ್ಗಿ. ನೀವು ತಂಗಿರುವ ಜಾಗಕ್ಕೆ ಮಾತ್ರ ಹೋಗಬೇಡಿ.

ಪೊಲೀಸ್ ವೇಷದವರು ನೋಟು ಪರೀಕ್ಷಿಸಬೇಕು ಎಂದು ಪರ್ಸ್ ಕೇಳಿದರೆ ಪರ್ಸ್ ಕೊಡಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ತೋರಿಸಿ, "ಠಾಣೆಗೆ ನಡೆದೇ ಹೋಗೋಣ" ಎನ್ನಿ. ಅವರ ಕಾರು ಹತ್ತಬೇಡಿ.

ಕೋಣೆಯ ಬಾಗಿಲು

ಸಾಮಾನು ಕೊಳ್ಳುವುದಾದರೆ ದುಡ್ಡು ಹಾಕಬೇಕಾದ ಜಾಗ ಇದು. ಕೊಳ್ಳುವ ಮೊದಲು ತಿಳಿದಿರಬೇಕಾದದ್ದು ಒಂದಿದೆ: ಬೆಣೆ, ಒಯ್ಯಬಹುದಾದ ಬೀಗ ಎರಡೂ ಕೋಣೆಯ ಒಳಕ್ಕೆ ತೆರೆಯುವ ಬಾಗಿಲಿಗಷ್ಟೇ. ಹೊರಕ್ಕೆ ತೆರೆಯುವ ಬಾಗಿಲಿಗೆ, ಜಾರುಬಾಗಿಲಿಗೆ ಎರಡೂ ದಂಡ.

ಸಾದಾ ರಬ್ಬರ್ ಬೆಣೆ ಹಗುರ, ಅಗ್ಗ, ಕೆಡುವ ಭಾಗವೇ ಇಲ್ಲ. ಹಿಡಿಕೆ ಇರುವ ಅಂಚಿನ ಬಳಿ, ಬಾಗಿಲಡಿಗೆ ಕಾಲಿನಿಂದ ಒತ್ತಿ ಕೂರಿಸಬೇಕು. ಕೀಲಿನ ಬಳಿ ಇಟ್ಟರೆ ತಡೆಯುವ ಶಕ್ತಿ ಕಡಿಮೆ. ನುಣುಪಾದ ಟೈಲ್ಸ್, ಅಮೃತಶಿಲೆಯ ಮೇಲೆ ಜಾರುತ್ತದೆ. ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಧೂಳು ತೆಗೆದರೆ ಹಿಡಿತ ಹೆಚ್ಚುತ್ತದೆ. ಬಾಗಿಲಡಿಯ ಸಂದು ತೀರಾ ಎತ್ತರವಾಗಿದ್ದರೆ ಬೆಣೆ ಸಿಕ್ಕಿಕೊಳ್ಳುವುದೇ ಇಲ್ಲ.

ಅಲಾರಂ ಬೆಣೆ ಅದೇ ಕೆಲಸ ಮಾಡಿ, ಬಾಗಿಲು ಒತ್ತಿದ ಕೂಡಲೇ ಅರಚುತ್ತದೆ. ಪೊಟ್ಟಣದ ಮೇಲೆ ಸಾಮಾನ್ಯವಾಗಿ 120 ಡೆಸಿಬಲ್ ಎಂದಿರುತ್ತದೆ, ಹಲವಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಗಾಳಿಗೆ ಅಲುಗುವ ಸಡಿಲ ಬಾಗಿಲಿಗೆ ಸೂಕ್ಷ್ಮತೆ ಕಡಿಮೆಗೆ ಇಡದಿದ್ದರೆ ನಡುರಾತ್ರಿ ನಿಮ್ಮನ್ನೇ ಎಬ್ಬಿಸುತ್ತದೆ. ಪ್ರಯಾಣದ ದಿನ ಬ್ಯಾಟರಿ ಬಿಚ್ಚಿಡಿ, ಬ್ಯಾಗಿನೊಳಗೆ ಒತ್ತಿಹೋಗಿ ಚೆಕಿಂಗ್ ಸಾಲಿನಲ್ಲಿ ಕೂಗಿಕೊಳ್ಳುವುದುಂಟು.

ಒಯ್ಯಬಹುದಾದ ಬೀಗ ಮೂರರಲ್ಲಿ ಹೆಚ್ಚು ಬಲವಾದದ್ದು. ಹಲ್ಲಿರುವ ತಗಡನ್ನು ಚೌಕಟ್ಟಿನಲ್ಲಿ ಚಿಲಕ ಕೂರುವ ತೂತಿಗೆ ಸಿಕ್ಕಿಸಿ, ಬಾಗಿಲು ಮುಚ್ಚಿ, ಹೊರಚಾಚಿದ ತಗಡಿನ ಕಂಡಿಗೆ ಎರಡನೇ ತುಂಡನ್ನು ತೂರಿಸಿದರೆ ಆಯಿತು. ಹೊರಗಿನವನ ಬಳಿ ಕೀಲಿ ಇದ್ದರೂ ಬಾಗಿಲು ತೆರೆಯುವುದಿಲ್ಲ. ಚೌಕಟ್ಟಿನ ಸಂದು ಬಿಗಿಯಾಗಿದ್ದರೆ, ಚಿಲಕದ ತೂತು ಆಳವಿಲ್ಲದಿದ್ದರೆ ಮಾತ್ರ ಕೂರುವುದಿಲ್ಲ. ಬೆಂಕಿ ಬಿದ್ದಾಗ ಹೊಗೆಯಲ್ಲಿ ತೆಗೆಯಬೇಕಾಗುವುದು ಇದನ್ನೇ, ಆದ್ದರಿಂದ ಕಣ್ಣು ಮುಚ್ಚಿ ಬಿಚ್ಚುವ ಅಭ್ಯಾಸ ಮೊದಲ ರಾತ್ರಿಯೇ ಆಗಲಿ.

ನಮ್ಮ ಆಯ್ಕೆ ಬೀಗ ಮತ್ತು ಸಾದಾ ಬೆಣೆಯ ಜೋಡಿ. ಪಕ್ಕದ ಕೋಣೆಗೆ ನಡುಬಾಗಿಲು ಇದ್ದರೆ ಬೆಣೆ ಅಲ್ಲಿಗೆ ಹೋಗುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿಗೆ ಎರಡು ತುಂಡಿನ ಅಯಸ್ಕಾಂತದ ಅಲಾರಂ ಒಂದಿದೆ, ಒಂದು ಬಾಗಿಲಿಗೆ, ಒಂದು ಚೌಕಟ್ಟಿಗೆ ಅಂಟಿಸುವಂಥದ್ದು. ತಡೆಯುವುದಿಲ್ಲ, ಎಬ್ಬಿಸುತ್ತದೆ. ಕುರ್ಚಿಯನ್ನು ಹಿಡಿಕೆಯ ಕೆಳಗೆ ಒರಗಿಸುವುದು ಸಿನಿಮಾಕ್ಕೆ ಚೆಂದ.

ಇವೆಲ್ಲಕ್ಕೂ ಮೊದಲು, ಸ್ವಾಗತ ಕೌಂಟರಿನವರು ಕೋಣೆ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದರೆ ಬೇರೆ ಕೋಣೆ ಕೇಳಿ, ಸಂಖ್ಯೆ ಚೀಟಿಯಲ್ಲಿ ಬರೆದುಕೊಡಲಿ. ರಾತ್ರಿ ಫೋನ್ ಮಾಡಿ "ಕಾರ್ಡ್ ವಿವರ ಮತ್ತೆ ಬೇಕು" ಎಂದರೆ ಕರೆ ಕಟ್ ಮಾಡಿ ಬೆಳಗ್ಗೆ ಕೆಳಗಿಳಿದು ವಿಚಾರಿಸಿ.

ದುಡ್ಡು ಎಲ್ಲಿರಬೇಕು

ಕುತ್ತಿಗೆಗೆ ನೇತುಹಾಕುವ ಚೀಲದ ದಾರ ಹಿಂದಿನಿಂದ ಕಾಣುತ್ತದೆ, ಬೇಡ. ಸೊಂಟದ ಮನಿ ಬೆಲ್ಟ್ ಪಾಸ್‌ಪೋರ್ಟಿಗೆ ಸರಿ, ಆದರೆ ರಸ್ತೆಯಲ್ಲಿ ಒಮ್ಮೆ ಬಟ್ಟೆ ಸರಿಸಿ ತೆರೆದರೆ ಗುಟ್ಟು ಹೋಯಿತು. ಬೆವರಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟೇ ತುರುಕಿ. ದಿನದ ಖರ್ಚಿಗೆ ನಕಲಿ ಪರ್ಸ್ ಇರಲಿ: ಸಣ್ಣ ನೋಟು, ಅವಧಿ ಮುಗಿದ ಒಂದು ಕಾರ್ಡ್. ದೋಚಲು ಬಂದರೆ ಅದನ್ನು ಒಂದು ಕಡೆ ಎಸೆದು ಇನ್ನೊಂದು ಕಡೆ ಓಡಬಹುದು. ಎರಡನೇ ಕಾರ್ಡ್ ಎಂದೂ ಮೊದಲನೆಯದರ ಜೊತೆಗಿರಬಾರದು.

ಎಟಿಎಂ ಬಳಸುವುದಾದರೆ ಬ್ಯಾಂಕಿನ ಒಳಗಿನದನ್ನು, ಬ್ಯಾಂಕ್ ತೆರೆದಿರುವಾಗಲೇ ಬಳಸಿ. ಯಂತ್ರ ಕಾರ್ಡ್ ನುಂಗಿದರೆ ಕೇಳಲು ಜನರಿರುತ್ತಾರೆ. ತೆರೆಯ ಮೇಲೆ "ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ?" ಎಂದು ಬಂದರೆ ಬೇಡ ಎಂದು ಒತ್ತಿ, ಸ್ಥಳೀಯ ಹಣದಲ್ಲೇ ಪಡೆಯಿರಿ. ಕಾನೂನಿನ ಪ್ರಕಾರವೇ ನಡೆಯುವ ಈ ಪರಿವರ್ತನೆಯ ದರ ಬೀದಿಯ ಮೋಸಗಾರನಿಗಿಂತ ನಿಷ್ಠೆಯಿಂದ ನಿಮ್ಮ ದುಡ್ಡು ತಿನ್ನುತ್ತದೆ.

ಅಲಾರಂ, ಸೀಟಿ, ಪೆಪ್ಪರ್ ಸ್ಪ್ರೇ

ಪೆಪ್ಪರ್ ಸ್ಪ್ರೇ ಬಿಟ್ಟುಬಿಡಿ. ವಿಮಾನದ ಕ್ಯಾಬಿನ್ನಿಗೆ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ 1968ರ ಬಂದೂಕು ಕಾಯ್ದೆಯಡಿ ನಿಷೇಧಿತ ಆಯುಧ, ಕೆನಡಾದಲ್ಲೂ ಮನುಷ್ಯರ ಮೇಲೆ ಬಳಸುವಂಥದ್ದು ನಿಷಿದ್ಧ. ಕಾಡಿಸಿದವನು ತಪ್ಪಿಸಿಕೊಂಡು, ಇಟ್ಟುಕೊಂಡವಳು ಠಾಣೆಯಲ್ಲಿ ಕೂರುವ ಹಾಗಾಗಬಹುದು. ಗಾಳಿ ತಿರುಗಿದರೆ ನಿಮ್ಮ ಕಣ್ಣಿಗೇ.

ಸೀಟಿಗೆ ಬ್ಯಾಟರಿ ಬೇಡ, ಒಳಗೆ ಗುಂಡಿಲ್ಲದ ಬಗೆ ಒದ್ದೆಯಾದರೂ ಊದುತ್ತದೆ. ಆದರೆ ಉಸಿರು ಬೇಕು, ಹೆದರಿಕೆಯಲ್ಲಿ ಮೊದಲು ಕೈಕೊಡುವುದು ಅದೇ. ಪಿನ್ ಎಳೆದರೆ ಕೂಗುವ ಅಲಾರಂ ಈ ಪರೀಕ್ಷೆಯಲ್ಲಿ ಮುಂದೆ. ಬ್ಯಾಗಿನೊಳಗಲ್ಲ, ಪಟ್ಟಿಯ ಮೇಲೆ ಕೈಗೆ ಸಿಗುವಂತೆ ಸಿಕ್ಕಿಸಿ. ನಿರ್ಜನ ಜಾಗವಾದರೆ ಪಿನ್ ಎಳೆದು ದೂರ ಎಸೆಯಿರಿ: ಅದನ್ನು ನಿಲ್ಲಿಸಬೇಕೋ ನಿಮ್ಮ ಹಿಂದೆ ಬರಬೇಕೋ ಎಂದು ಅವನು ಯೋಚಿಸುವ ಹೊತ್ತು ನಿಮಗೆ ಸಿಗುತ್ತದೆ.

ಯಾರಿಗೆ ತಿಳಿದಿರಬೇಕು

ವಾಟ್ಸಾಪ್ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ತಾನೇ ನಿಲ್ಲುತ್ತದೆ, ಒಂದು ಕ್ಯಾಬ್ ಸವಾರಿಗೆ ಅದು ಸಾಕು. ಗೂಗಲ್ ಮ್ಯಾಪ್ಸ್‌ನ ಹಂಚಿಕೆಯನ್ನು ನೀವಾಗಿ ನಿಲ್ಲಿಸುವವರೆಗೂ ಇಡಬಹುದು, ಫೋನಿನ ಚಾರ್ಜ್ ಎಷ್ಟಿದೆ ಎಂಬುದನ್ನೂ ತೋರಿಸುತ್ತದೆ. ಇಡೀ ಪ್ರವಾಸಕ್ಕೆ ಇದೇ ಮೇಲು. ಡೇಟಾ ಹೋದರೆ ಎರಡೂ ಕುರುಡು, ಹಾಗಾಗಿ ಮನೆಯಲ್ಲಿರುವ ಒಬ್ಬರ ಬಳಿ ಹೋಟೆಲಿನ ಫೋನ್ ನಂಬರ್, ಪಾಸ್‌ಪೋರ್ಟ್ ಪ್ರತಿ, ದಿನಕ್ಕೊಂದು ಗೊತ್ತುಪಡಿಸಿದ ಹೊತ್ತು ಇರಲಿ. ಆ ಹೊತ್ತಿಗೆ ಸಂದೇಶ ಬರದಿದ್ದರೆ ಮೊದಲು ನಿಮಗೆ, ಒಂದು ಗಂಟೆ ಬಿಟ್ಟು ಹೋಟೆಲಿಗೆ, ಅಲ್ಲೂ ಸುಳಿವಿಲ್ಲದಿದ್ದರೆ ರಾಯಭಾರ ಕಚೇರಿಗೆ ಫೋನ್ ಮಾಡಬೇಕು ಎಂದು ಹೊರಡುವ ಮೊದಲೇ ಬರೆದುಕೊಟ್ಟಿರಿ.