ಇಳಕಲ್‌ನ ರವಿವಾರದ ಓದಿನ ತರಗತಿ: ಅತ್ತೆಯ ಜೊತೆ ಹೋಗಿ ಬಂದೆ

ನಾವು ಇಳಕಲ್‌ನ ನೇಕಾರರು. ನಾನು ಕಂಡಿಕೆ (ಮಗ್ಗಕ್ಕೆ ಹಾಕುವ ನೂಲಿನ ಸುರುಳಿ) ಸುತ್ತುತ್ತೇನೆ. ನಮ್ಮ ಓಣಿಯ ಗುಡಿಕಟ್ಟೆ ಮೇಲೆ ರವಿವಾರ ಸಂಜೆ ನಡೆಯುವ ಓದಿನ ತರಗತಿಗೆ ಅತ್ತೆಯವರನ್ನು ನಾಲ್ಕು ತಿಂಗಳಿಂದ ಕರೆದುಕೊಂಡು ಹೋಗುತ್ತಿದ್ದೇನೆ. ಫೀಸಿಲ್ಲ.

ಮೊದಲ ದಿನ ಕಲಿಸುವ ಅಕ್ಕ ಮಗ್ಗದ ಚಿತ್ರ ಹಾಕಿದರು. "ಮಗ್ಗ ಯಾರದು? ನೂಲು ಯಾರದು? ಸೀರೆ ಮಾರಿದರೆ ರೊಕ್ಕ ಯಾರಿಗೆ?" ಒಂದು ತಾಸು ಬರೀ ಮಾತು. ಆಮೇಲೆ 'ಮಗ್ಗ' ಅಂತ ಬರೆದು, ಮ ಮಾ ಮಿ ಮೀ ಶುರು. ಬ್ರೆಜಿಲ್‌ನ ಶಿಕ್ಷಕ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಲ್ಲಿ ಸುಮಾರು 300 ದುಡಿಯುವ ಜನರಿಗೆ ಹೀಗೇ ಅವರ ಬದುಕಿನ ಪದಗಳಿಂದಲೇ ಓದು ಕಲಿಸಿದ್ದರು. ಮರುವರ್ಷ ಅಲ್ಲಿ ಸೇನೆ ಅಧಿಕಾರ ಹಿಡಿದು ಅವರನ್ನು ಜೈಲಿಗೆ ಹಾಕಿತು. ಬಡವರು ಓದಿದರೆ ಅಷ್ಟು ಹೆದರಿಕೆ, ನೋಡಿ.

ಅಕ್ಕ ಹೇಳಿದ್ದರಲ್ಲಿ ನನಗೆ ಜಾಸ್ತಿ ತಟ್ಟಿದ್ದು ಆಂಧ್ರದ ನೆಲ್ಲೂರಿನ ಕಥೆ. ಅಲ್ಲಿ ಸಾಕ್ಷರತಾ ತರಗತಿಗೆ ಬಂದ ಹೆಂಗಸರೇ ಸಾರಾಯಿ ವಿರುದ್ಧ ಎದ್ದು ನಿಂತರು. ಹೋರಾಟ ಊರೂರಿಗೆ ಹಬ್ಬಿ, 1993ರಲ್ಲಿ ಆಂಧ್ರದಲ್ಲಿ ಸಾರಾಯಿ ಬಂದಾಯಿತು. ಈ ಕಥೆ ಕೇಳಿದ ದಿನ ತರಗತಿಯಿಂದ ಯಾರೂ ಬೇಗ ಮನೆಗೆ ಹೋಗಲಿಲ್ಲ.

ಕೊರತೆ ಇಲ್ಲವೆಂದಲ್ಲ. ಬೆಳಕು ಸಾಲದು, ವಯಸ್ಸಾದವರಿಗೆ ಅಕ್ಷರ ಕಾಣುವುದಿಲ್ಲ. ಗಂಡಸರು ಬರುವುದೇ ಇಲ್ಲ. ಅವರಿಲ್ಲದೆ ಮಜೂರಿಯ ಮಾತು ಅರ್ಧವೇ ಅಲ್ವಾ?

ಹೋದ ವಾರ ಅತ್ತೆಯವರು ಮಜೂರಿ ಚೀಟಿಯನ್ನು ತಾವೇ ಓದಿದರು. ಎರಡು ಸೀರೆ ಲೆಕ್ಕಕ್ಕೆ ಬಂದಿರಲಿಲ್ಲ. ಹೋಗಿ ಕೇಳಿದರು, ರೊಕ್ಕ ಬಂತು. ಈಗ ಪಕ್ಕದ ಮನೆಯವರೂ ಚೀಟಿ ತರುತ್ತಿದ್ದಾರೆ. ಸಂಜೆ 6ಕ್ಕೆ ಬನ್ನಿ, ನಿಮ್ಮ ಚೀಟಿಯನ್ನೂ ತನ್ನಿ.