ಉಪನ್ಯಾಸವೋ, ತಂಡದ ಕಲಿಕೆಯೋ: ಒಂದೇ ಪಾಠವನ್ನು ಎರಡು ರೀತಿಯಲ್ಲಿ ಕಲಿಸಿ ಕಂಡದ್ದು

ಪುಣೆಯ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಫಿಸಿಯಾಲಜಿ ಕಲಿಸುವ ನಾನು, ರಕ್ತದ ಆಮ್ಲ–ಕ್ಷಾರ ಸಮತೋಲನದ ಪಾಠವನ್ನು ಕೆಲವು ಬ್ಯಾಚುಗಳಿಗೆ ಉಪನ್ಯಾಸವಾಗಿ, ಅನಂತರದ ಬ್ಯಾಚುಗಳಿಗೆ ತಂಡಾಧಾರಿತ ಕಲಿಕೆಯಾಗಿ ಮಾಡಿದ್ದೇನೆ. ವರದಿಯನ್ನು ಓದಿ ತೀರ್ಮಾನಕ್ಕೆ ಬರಬೇಕಾದ ಇಂಥ ಪಾಠಗಳಿಗೆ ತಂಡದ ಕಲಿಕೆಯೇ ಮೇಲು ಎಂಬುದು ನನ್ನ ನಿಲುವು.

1970ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನು ರೂಪಿಸಿದವರು ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆಯನ್ನು ಕಲಿಸುತ್ತಿದ್ದ ಲ್ಯಾರಿ ಮೈಕಲ್ಸನ್. ವಿದ್ಯಾರ್ಥಿಗಳು ಮೊದಲೇ ಓದಿಕೊಂಡು ಬಂದು, ಬಹು ಆಯ್ಕೆಯ ಕಿರುಪರೀಕ್ಷೆಯೊಂದನ್ನು ಒಬ್ಬೊಬ್ಬರೇ ಬರೆಯುತ್ತಾರೆ. ಅದೇ ಪ್ರಶ್ನೆಪತ್ರಿಕೆಯನ್ನು ಐದರಿಂದ ಏಳು ಜನರ ತಂಡವಾಗಿ ಮತ್ತೊಮ್ಮೆ ಉತ್ತರಿಸುತ್ತಾರೆ. ಎಲ್ಲಿ ತೊಡಕಾಯಿತೋ ಅಷ್ಟನ್ನು ಮಾತ್ರ ಶಿಕ್ಷಕರು ವಿವರಿಸುತ್ತಾರೆ. ಕೊನೆಗೆ ಎಲ್ಲ ತಂಡಗಳಿಗೂ ಒಂದೇ ರೋಗಿಯ ಸಮಸ್ಯೆಯನ್ನು ಕೊಟ್ಟು, ಒಂದೇ ಉತ್ತರವನ್ನು ಆರಿಸಿ ಏಕಕಾಲಕ್ಕೆ ಕಾರ್ಡು ಎತ್ತಲು ಹೇಳಲಾಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾದ ಸಮಸ್ಯಾಧಾರಿತ ಕಲಿಕೆಗೆ (ಸಣ್ಣ ಗುಂಪುಗಳು ರೋಗಿಯ ಸಮಸ್ಯೆಯೊಂದರಿಂದಲೇ ಕಲಿಕೆ ಶುರುಮಾಡುವ ಪದ್ಧತಿ) ಪ್ರತಿ ಗುಂಪಿಗೂ ಒಬ್ಬ ಬೋಧಕರು ಬೇಕು. ಇಲ್ಲಿ ಹಾಗಲ್ಲ, 150 ಜನರ ತರಗತಿಯನ್ನು ಒಬ್ಬರೇ ನಡೆಸಬಹುದು. ಶಿಕ್ಷಕರ ಕೊರತೆಯಿರುವ ನಮ್ಮ ಕಾಲೇಜುಗಳಿಗೆ ಇದು ಸಣ್ಣ ಮಾತಲ್ಲ.

ನಾನು ಕೊಡುವ ಸಮಸ್ಯೆ ಹೀಗಿದೆ: ರಕ್ತವನ್ನು ಆಮ್ಲೀಯವಾಗಿಸುವ ಮಧುಮೇಹದ ಕೀಟೋಅಸಿಡೋಸಿಸ್‌ನಿಂದ ದಾಖಲಾದ ಯುವಕನ ಪಿಎಚ್ 7.02, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ 10, ಅಪಧಮನಿಯ ಇಂಗಾಲದ ಡೈಆಕ್ಸೈಡ್ ಒತ್ತಡ 40. ಅವನ ಉಸಿರಾಟದ ಬಗ್ಗೆ ನಿಮ್ಮ ತೀರ್ಮಾನವೇನು? ಈ ಒತ್ತಡದ ಸಹಜ ಮಿತಿ 35ರಿಂದ 45 ಆಗಿರುವುದರಿಂದ ಹೆಚ್ಚಿನ ತಂಡಗಳು ಮೊದಲಿಗೆ ‘ಉಸಿರಾಟ ಸರಿಯಿದೆ’ ಎಂಬ ಉತ್ತರದತ್ತಲೇ ವಾಲುತ್ತವೆ. ಉಪನ್ಯಾಸದಲ್ಲಿ ನಾನು ವಿಂಟರ್ಸ್ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಬೈಕಾರ್ಬನೇಟಿನ ಒಂದೂವರೆ ಪಟ್ಟಿಗೆ 8 ಕೂಡಿಸಿದರೆ ಇರಬೇಕಾದ ಒತ್ತಡ ಸಿಗುತ್ತದೆ, ಎರಡರಷ್ಟು ಹೆಚ್ಚು ಕಡಿಮೆಯಾಗಬಹುದು. ಎಲ್ಲರೂ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಸೂತ್ರವನ್ನು ತಪ್ಪದೆ ಒಪ್ಪಿಸುತ್ತಿದ್ದರು. ಆದರೆ ಆಮ್ಲ ಹೆಚ್ಚಿದಾಗ ಉಸಿರಾಟ ಜೋರಾಗಿ ಇಂಗಾಲದ ಡೈಆಕ್ಸೈಡ್ ಹೊರಹೋಗುವುದರಿಂದ ಈ ರೋಗಿಯಲ್ಲಿ ಒತ್ತಡ 23ರ ಆಸುಪಾಸಿಗೆ ಇಳಿದಿರಬೇಕಿತ್ತು, 40 ಎಂದರೆ ಅವನ ಉಸಿರಾಟ ಸೋಲುತ್ತಿದೆ ಎಂದರ್ಥ, ಎಂಬುದನ್ನು ತಾವಾಗಿಯೇ ಹೇಳಿದವರು ವಿರಳ.

ತಂಡದ ಕಲಿಕೆಯಲ್ಲಿ ಆ ಅರಿವು ಮೂಡುವುದನ್ನು ಕಿವಿಯಾರೆ ಕೇಳಬಹುದು. ಜತ್ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಬಂದ, ಉಪನ್ಯಾಸದಲ್ಲಿ ಎಂದೂ ಬಾಯಿ ತೆರೆಯದ ಹುಡುಗನೊಬ್ಬ ತನ್ನ ತಂಡದ ಸೊಲ್ಲಾಪುರದ ಗೆಳೆಯನಿಗೆ, “ರಕ್ತದಾಗ ಇಷ್ಟು ಆ್ಯಸಿಡ್ ಐತಿ, ಅಂದಮ್ಯಾಲೆ ಉಸಿರು ಜೋರಾಗಬೇಕಲ್ಲೋ? ನಲವತ್ತು ಹೆಂಗ ಉಳೀತು?” ಎಂದ. ಗೆಳೆಯ ಅದನ್ನು ಮರಾಠಿಯಲ್ಲಿ ಉಳಿದವರಿಗೆ ದಾಟಿಸಿದ. ಅಲ್ಲಿಂದ ಲೆಕ್ಕ ಶುರುವಾಯಿತು, ಆಯ್ದ ಉತ್ತರವೂ ಬದಲಾಯಿತು. ನೂರೈವತ್ತು ಜನರ ಎದುರು ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಬೇಕಾಗಿದ್ದರೆ ಆ ಪ್ರಶ್ನೆ ಅವನೊಳಗೇ ಉಳಿದುಬಿಡುತ್ತಿತ್ತು. ಗಡಿಭಾಗದಿಂದ ಬರುವ ನಮ್ಮ ಮಕ್ಕಳ ದೃಷ್ಟಿಯಿಂದ ನನಗೆ ಈ ಒಂದು ಕಾರಣವೇ ಸಾಕು.

ಭ್ರೂಣಶಾಸ್ತ್ರದ ಪಾಠಗಳ ಮಾತು ಬೇರೆ. ಹೃದಯದ ಕೋಣೆಗಳು ಹೇಗೆ ಬೇರ್ಪಡುತ್ತವೆ ಎಂಬುದನ್ನು ಹಂತಹಂತವಾಗಿ ಚಿತ್ರ ಬಿಡಿಸುತ್ತಾ ವಿವರಿಸುವ ಅನಾಟಮಿ ಶಿಕ್ಷಕಿಯೊಬ್ಬರು ನಮ್ಮಲ್ಲಿದ್ದಾರೆ. ಅಂಥ ಪಾಠಕ್ಕೆ ಉಪನ್ಯಾಸವೇ ತಕ್ಕದ್ದು. ಉಪನ್ಯಾಸಗಳು ಒಟ್ಟು ವೇಳೆಯ ಮೂರನೆಯ ಒಂದು ಭಾಗವನ್ನು ಮೀರಬಾರದೆಂದು ವೈದ್ಯಕೀಯ ಶಿಕ್ಷಣದ 2019ರ ಪಠ್ಯಕ್ರಮ ನಿಯಮ ಹೇಳಿದಾಗ, ಆ ಭಾಗವನ್ನು ಇಂಥ ಪಾಠಗಳಿಗೆ ಮೀಸಲಿಡುವುದೇ ಸರಿಯೆಂದು ನನಗನ್ನಿಸಿತು.

ತಂಡದ ಕಲಿಕೆಗೆ ತಗಲುವ ಶ್ರಮ ಮಾತ್ರ ಹೆಚ್ಚು. ಎಲ್ಲ ಆಯ್ಕೆಗಳೂ ನಂಬುವಂತಿರುವ, ಆದರೂ ಒಂದನ್ನೇ ಸಮರ್ಥಿಸಲು ಸಾಧ್ಯವಿರುವ ಪ್ರಶ್ನೆಯನ್ನು ಕಟ್ಟುವುದು ಉಪನ್ಯಾಸದ ತಯಾರಿಗಿಂತ ಎಷ್ಟೋ ಕಷ್ಟ. ಈ ಪದ್ಧತಿಯಲ್ಲಿ ಸಹಪಾಠಿಗಳೇ ಪರಸ್ಪರ ಅಂಕ ಕೊಡುವ ಭಾಗವೂ ಇದೆ, ಅದು ನಮ್ಮಲ್ಲಿ ಫಲಿಸಿಲ್ಲ, ಎಲ್ಲರೂ ಎಲ್ಲರಿಗೂ ಪೂರ್ಣಾಂಕ ಕೊಡುತ್ತಾರೆ. ಓದದೆ ಬರುವವರ ಸಮಸ್ಯೆಗೆ ನಾನು ಕಂಡುಕೊಂಡ ಉಪಾಯವೆಂದರೆ ಓದಿನ ಹೊರೆಯನ್ನು ತಗ್ಗಿಸುವುದು: ಈಗ ಪುಸ್ತಕದ ಇಡೀ ಅಧ್ಯಾಯದ ಬದಲು, ಕಿರುಪರೀಕ್ಷೆಗೆ ಬೇಕಾದಷ್ಟನ್ನೇ ಕೆಲವು ಪುಟಗಳಲ್ಲಿ ನಾನೇ ಬರೆದು ವಾರಕ್ಕೆ ಮುಂಚೆ ಹಂಚುತ್ತೇನೆ.