ಕಲಬುರಗಿ–ಬೀದರ್ ರಸ್ತೆ: ಅಂಚಿನಿಂದ ನೋಡಿದ ವಿಮರ್ಶೆ

ಕಲಬುರಗಿಯ ರಿಂಗ್ ರೋಡಿನಿಂದ ಹೊರಟು, ಕುರಿಕೋಟಾದ ಸೇತುವೆ ದಾಟಿ, ಕಮಲಾಪುರ, ಕಿಣ್ಣಿ ಸಡಕ್, ಹುಮನಾಬಾದ್, ಹಳ್ಳಿಖೇಡ ಬಿ ಊರುಗಳ ಮೇಲೆ ಹಾದು ಬೀದರ್ ಸೇರುವ ಸುಮಾರು 110 ಕಿಲೋಮೀಟರಿನ ದಾರಿಯು ನಾಂದೇಡದಿಂದ ಚಿತ್ರದುರ್ಗದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ ಒಂದು ಭಾಗ. ನನ್ನ ನೌಕರಿ ಕಲಬುರಗಿಯಲ್ಲಿ, ವಯಸ್ಸಾದ ತಾಯಿ ಬೀದರ್‌ನಲ್ಲಿ. ಹಾಗಾಗಿ ಎರಡು ವರ್ಷಗಳಿಂದ ಹೆಚ್ಚುಕಡಿಮೆ ವಾರಕ್ಕೊಮ್ಮೆ ಈ ದಾರಿಯಲ್ಲಿ ಕಾರು ಓಡಿಸುತ್ತಿದ್ದೇನೆ. ಊಟ ಮಾಡಿದ ಖಾನಾವಳಿಗೆ, ಕೊಂಡ ಮೊಬೈಲಿಗೆ ನಾವು ವಿಮರ್ಶೆ ಬರೆಯುತ್ತೇವೆ. ವಾಹನ ಕೊಂಡ ದಿನವೇ ಜೀವಿತಾವಧಿ ತೆರಿಗೆ ಕಟ್ಟಿ, ಆಮೇಲೆ ಪ್ರತಿ ಲೀಟರ್ ಇಂಧನದ ಜೊತೆ ರಸ್ತೆಯ ಸೆಸ್ಸನ್ನೂ ತೆತ್ತು ಬಳಸುವ ರಸ್ತೆಗೂ ಅಂಥದೊಂದು ವಿಮರ್ಶೆ ಸಲ್ಲಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಯಾರಾದರೂ ‘ರೋಡ್ ಹ್ಯಾಂಗದ ರೀ’ ಎಂದು ಕೇಳಿದರೆ, ‘ಛಲೋ ಅದ, ತೆಗ್ಗಿಲ್ಲ’ ಎಂದೋ ‘ಬರೇ ತೆಗ್ಗೇ ಅವ’ ಎಂದೋ ಉತ್ತರ ಬರುತ್ತದೆ. ತೆಗ್ಗೊಂದೇ ನಮ್ಮ ಅಳತೆಗೋಲು. ಆ ಅಳತೆಯಿಂದ ನೋಡಿದರೆ ಈ ದಾರಿಯ ಬಗ್ಗೆ ನನ್ನ ದೂರು ಹೆಚ್ಚಿಲ್ಲ. ಡಾಂಬರಿನ ಮೈ ಬಹುತೇಕ ಕಡೆ ಸಮವಾಗಿದೆ, ತಾಸಿಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿಯೂ ಸ್ಟಿಯರಿಂಗ್ ನಡುಗುವುದಿಲ್ಲ. ಆದರೆ ತೆಗ್ಗು ಕಣ್ಣಿಗೆ ಕಾಣುತ್ತದೆ, ಕಂಡ ಕೂಡಲೇ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಕಣ್ಣಿಗೆ ಬೀಳದೆ ಕಾಯುವ ಅಪಾಯ ಬೇರೆಯೇ ಇದೆ, ಅದು ಡಾಂಬರು ಮುಗಿದು ಮಣ್ಣು ಶುರುವಾಗುವ ಗೆರೆಯಲ್ಲಿದೆ. ನನ್ನ ಮಟ್ಟಿಗೆ ನಮ್ಮ ಸೀಮೆಯ ರಸ್ತೆಯನ್ನು ಅಳೆಯಬೇಕಾದದ್ದು ಅದರ ಅಂಚಿನಿಂದ.

ಇದನ್ನು ಕಲಿಸಿದ್ದು ಕಳೆದ ಮಳೆಗಾಲದ ಒಂದು ಸಂಜೆ. ಕಮಲಾಪುರ ದಾಟಿ ಸ್ವಲ್ಪ ದೂರ ಹೋಗಿದ್ದೆ; ಎದುರಿನಿಂದ ಲಾರಿಯೊಂದನ್ನು ಹಿಂದಿಕ್ಕುತ್ತ ಬಸ್ಸೊಂದು ನನ್ನ ಪಾಲಿನ ದಾರಿಗೆ ಬಂತು. ಎಡಕ್ಕೆ ಸರಿದೆ. ಎಡಗಡೆಯ ಎರಡೂ ಗಾಲಿಗಳು ಡಾಂಬರಿನಿಂದ ಜಾರಿ ಕೆಳಗೆ ಬಿದ್ದವು. ಬಸ್ಸು ಹೋದ ಮರುಕ್ಷಣ, ಎಲ್ಲರೂ ಮಾಡುವಂತೆ, ಸ್ಟಿಯರಿಂಗನ್ನು ಬಲಕ್ಕೆ ಎಳೆದೆ. ಗಾಡಿ ಮೊದಲು ಏರಲಿಲ್ಲ, ಇನ್ನಷ್ಟು ಎಳೆದೆ, ಆಗ ಒಮ್ಮೆಲೇ ಏರಿ ಇಡೀ ರಸ್ತೆಯನ್ನು ಅಡ್ಡ ಹಾಯ್ದು ಬಲಬದಿಯ ಜಾಲಿ ಪೊದೆಯ ಮುಂದೆ ನಿಂತಿತು. ಎದುರಿನಿಂದ ಆ ಹೊತ್ತಿಗೆ ಇನ್ನೊಂದು ವಾಹನ ಬಾರದೇ ಇದ್ದದ್ದರಿಂದ ಇದನ್ನು ಬರೆಯಲು ಉಳಿದಿದ್ದೇನೆ. ಹೊಲದಿಂದ ಓಡಿ ಬಂದ ಹಿರಿಯರೊಬ್ಬರು ನೀರು ಕೊಟ್ಟು, ‘ಕೆಳಗ ಇಳಿದ್ರ ಹಂಗೇ ಸೀದಾ ಬಿಡಬೇಕ್ರಿ ಸರ, ಜಗ್ಗಬಾರದು’ ಎಂದರು. ಕೈಕಾಲಿನ ನಡುಕ ನಿಂತ ಮೇಲೆ ಹಿಂದಕ್ಕೆ ನಡೆದು ಹೋಗಿ ಗಾಲಿ ಬಿದ್ದ ಜಾಗ ನೋಡಿದೆ. ಮಣ್ಣಿನಲ್ಲಿ ನಿಂತು ಪಾದವನ್ನು ಡಾಂಬರಿನ ಗೋಡೆಗೆ ತಾಗಿಸಿದರೆ, ಆ ಗೋಡೆಯ ತುದಿ ನನ್ನ ಹಿಮ್ಮಡಿಯ ಗಂಟನ್ನು ಮುಟ್ಟುತ್ತಿತ್ತು.

ಆ ಹಿರಿಯರು ಹೇಳಿದ್ದು ಅಕ್ಷರಶಃ ಸರಿ. ಗಾಲಿ ಕೆಳಗೆ ಬಿದ್ದಾಗ ಟೈರಿನ ಪಕ್ಕೆಯು ಡಾಂಬರಿನ ಕಡಿದಾದ ಗೋಡೆಗೆ ಒತ್ತಿ ಉಜ್ಜುತ್ತದೆ. ಆ ಗೋಡೆ ಟೈರನ್ನು ಮೇಲೇರಲು ಬಿಡುವುದಿಲ್ಲ. ಚಾಲಕ ಸ್ಟಿಯರಿಂಗನ್ನು ಮತ್ತಷ್ಟು ತಿರುವುತ್ತಾನೆ. ಕೊನೆಗೆ ಟೈರು ಏರಿದಾಗ ಮುಂದಿನ ಗಾಲಿಗಳು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಬಲಕ್ಕೆ ತಿರುಗಿರುತ್ತವೆ, ತಡೆಯುವ ಗೋಡೆ ಇಲ್ಲವಾಗಿರುತ್ತದೆ, ಗಾಡಿ ಬಾಣದಂತೆ ಎದುರಿನ ಸಾಲಿಗೆ ನುಗ್ಗುತ್ತದೆ. ಆಗ ಮಾಡಬೇಕಾದದ್ದು ಇಷ್ಟೇ: ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಬ್ರೇಕನ್ನು ಗಟ್ಟಿಯಾಗಿ ಒತ್ತದೆ, ಮಣ್ಣಿನಲ್ಲೇ ವೇಗ ಇಳಿಯಲು ಬಿಟ್ಟು, ನಡಿಗೆಯ ವೇಗಕ್ಕೆ ಬಂದ ಮೇಲೆ ಅಂಚು ತಗ್ಗಿರುವ ಕಡೆ ನೋಡಿಕೊಂಡು ಏರಬೇಕು. ಡ್ರೈವಿಂಗ್ ಶಾಲೆಯಲ್ಲಿ ನನಗೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವುದನ್ನು ಕಲಿಸಿದರು, ಇದನ್ನು ಕಲಿಸಲಿಲ್ಲ.

ಈ ಅಂಚು ಹೀಗೆ ಕುಸಿಯಲು ಎರಡು ಕಾರಣಗಳಿವೆ. ಒಂದು ಮನುಷ್ಯರದು. ಹಳೆಯ ಡಾಂಬರಿನ ಮೇಲೆ ಹೊಸ ಪದರ ಹಾಕಿದಾಗಲೆಲ್ಲ ರಸ್ತೆಯ ಮೈ ನಾಲ್ಕೈದು ಸೆಂಟಿಮೀಟರ್ ಮೇಲೇಳುತ್ತದೆ. ಬದಿಯ ಮಣ್ಣನ್ನೂ ಅಷ್ಟೇ ಏರಿಸಿ ಅದುಮದೆ ಬಿಟ್ಟರೆ ಎರಡು ಮೂರು ಸಲದ ಡಾಂಬರೀಕರಣದಲ್ಲಿ ಅದೊಂದು ಮೆಟ್ಟಿಲಾಗುತ್ತದೆ. ನುಣುಪಾದ ಹೊಸ ರಸ್ತೆ ಎಂದು ನಾವು ಸಂತೋಷಪಡುವ ದಿನವೇ ಅಂಚಿನ ಅಪಾಯ ಹೆಚ್ಚಿರುತ್ತದೆ, ಏಕೆಂದರೆ ಆ ದಿನದಿಂದ ಎಲ್ಲರ ವೇಗವೂ ಹೆಚ್ಚುತ್ತದೆ. ಇನ್ನೊಂದು ಕಾರಣ ನಮ್ಮ ಎರೆ ಮಣ್ಣು. ತೊಗರಿ, ಜೋಳ ಬೆಳೆಯಲು ಹೇಳಿ ಮಾಡಿಸಿದ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಉಬ್ಬಿ ಕುಗ್ಗುವ ನೆಲದ ಮೇಲೆ ರಸ್ತೆಯ ನಡುಭಾಗ ತನ್ನ ದಪ್ಪದಿಂದ ಹೇಗೋ ತಾಳಿಕೊಳ್ಳುತ್ತದೆ. ತೆಳ್ಳಗಿರುವ ಅಂಚು ಸೀಳುತ್ತದೆ, ಸೀಳಿನಲ್ಲಿ ನೀರಿಳಿಯುತ್ತದೆ, ಆಮೇಲೆ ಭಾರದ ಟ್ರ್ಯಾಕ್ಟರೊಂದು ಹಾಯ್ದರೆ ಡಾಂಬರಿನ ಚೂರು ಕಳಚಿ ಬೀಳುತ್ತದೆ.

ಇದೇ ದಾರಿಯಲ್ಲಿ ಎರಡು ನೆಲಗಳನ್ನು ಹೋಲಿಸಿ ನೋಡಬಹುದು. ಹುಮನಾಬಾದ್ ದಾಟಿ ಬೀದರ್ ಕಡೆ ಹೋದಂತೆ ಕಪ್ಪು ಹೊಲಗಳು ಹಿಂದೆ ಸರಿದು ಕೆಂಪು ಜಂಬಿಟ್ಟಿಗೆಯ ನೆಲ ಬರುತ್ತದೆ. ಬೀದರ್ ಬಳಿಯ ನೌಬಾದಿನಲ್ಲಿ ನೀರು ಹರಿಸಲೆಂದು ಹಿಂದಿನವರು ಮಾಡಿದ ಕರೇಜ್ ಸುರಂಗವನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಈ ಕೆಂಪು ನೆಲದಲ್ಲಿ, ಮರಂ ಎಂಬ ಗರಸು ಮಣ್ಣು ಹಾಕಿ ಅದುಮಿದ ಬದಿಗಳು ಮಳೆ ಕಳೆದರೂ ಗಟ್ಟಿಯಾಗಿ ನಿಂತದ್ದನ್ನು ನಾನು ಎರಡೂ ವರ್ಷ ಕಂಡೆ. ಗಾಲಿ ಇಳಿದರೂ ಗಾಡಿ ಹೂತುಕೊಳ್ಳುವುದಿಲ್ಲ. ಹಾಗಾದರೆ ಕಪ್ಪು ನೆಲದ ಭಾಗಕ್ಕೆ ಹೆಚ್ಚು ಆರೈಕೆ ಬೇಕು, ಒಂದೇ ಅಂದಾಜುಪಟ್ಟಿ ಎರಡಕ್ಕೂ ಸಾಲದು. ಏಳು ಮೀಟರ್ ಅಗಲದ ಎರಡು ಸಾಲಿನ ರಸ್ತೆಗೆ ಎರಡೂ ಕಡೆ ಒಂದೂವರೆ ಮೀಟರ್ ಡಾಂಬರಿನ ಭುಜ, ಅಂದರೆ ಬದಿಯ ಪಟ್ಟಿ, ಕೊಟ್ಟರೆ ಸರಿಯಲು ಜಾಗ ಸಿಗುತ್ತದೆ. ಅದೂ ಆಗದ ಕಡೆ, ಡಾಂಬರು ಹಾಸುವಾಗಲೇ ಅದರ ಅಂಚನ್ನು ನೇರ ಗೋಡೆಯಾಗಿ ಬಿಡದೆ ಮೂವತ್ತು ಡಿಗ್ರಿ ಇಳಿಜಾರಾಗಿ ಒತ್ತಿ ಬಿಡುವ ಪದ್ಧತಿಯೊಂದು ಅಮೆರಿಕದಲ್ಲಿ ಬಳಕೆಯಲ್ಲಿದೆ. ಇಳಿದ ಗಾಲಿ ಆ ಇಳಿಜಾರಿನ ಮೇಲೆ ಸಲೀಸಾಗಿ ಏರುತ್ತದೆ. ಅದಕ್ಕೆ ಹಾಸುವ ಯಂತ್ರಕ್ಕೆ ಜೋಡಿಸುವ ಒಂದು ಸಣ್ಣ ಅಚ್ಚು ಸಾಕು. ಇಷ್ಟು ಅಗ್ಗದ ಉಪಾಯ ನಮ್ಮ ಎರೆ ಸೀಮೆಗೆ ಬರಬೇಕೆಂಬುದು ನನ್ನ ಕಳಕಳಿಯ ಬೇಡಿಕೆ.

ಮಳೆಗಾಲದ ಬಗ್ಗೆ ಇನ್ನೊಂದು ಮಾತು. ಮೊದಲ ಮಳೆಯ ಮೊದಲ ಅರ್ಧ ಗಂಟೆ, ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಎಣ್ಣೆ, ದೂಳು, ಟೈರಿನ ಪುಡಿ ನೀರಿನೊಂದಿಗೆ ಕಲೆತು ಸಾಬೂನಿನಂತಾಗುತ್ತದೆ. ನಮ್ಮ ಬಿಸಿಲಿಗೆ ಡಾಂಬರು ಕರಗಿ ಗಾಲಿಯ ಜಾಡಿನಲ್ಲಿ ಕನ್ನಡಿಯಂತೆ ಹೊಳೆಯುವ ಪಟ್ಟಿಗಳು ಆಗ ಇನ್ನೂ ಜಾರುತ್ತವೆ. ಹೊಲದಿಂದ ಏರಿ ಬರುವ ಟ್ರ್ಯಾಕ್ಟರಿನ ಗಾಲಿಗಳು ಕಕ್ಕುವ ಎರೆ ಮಣ್ಣಿನ ಹೆಂಟೆಗಳು ಮೂರನೆಯ ಅಪಾಯ. ಬೈಕಿನವರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇಲ್ಲಿ ರಸ್ತೆಯ ದೋಷದೊಂದಿಗೆ ನಮ್ಮ ಪಾಲೂ ಇದೆ: ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ, ದ್ವಿಚಕ್ರ ವಾಹನದ್ದು 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಾನು ಅಷ್ಟು ಸವೆಯುವವರೆಗೂ ಕಾಯುವುದಿಲ್ಲ, ಮೃಗಶಿರಾ ಮಳೆಗೆ ಮುಂಚೆಯೇ ಬದಲಿಸುತ್ತೇನೆ.

ಸುಗ್ಗಿಯ ದಿನಗಳಲ್ಲಿ ಈ ರಸ್ತೆ ಇನ್ನೊಂದು ರೂಪ ತಾಳುತ್ತದೆ. ಕಣ ಮಾಡಲು ಜಾಗ, ಆಳು ಎರಡೂ ಇಲ್ಲದ ರೈತರು ತೊಗರಿಯ ಕಟ್ಟುಗಳನ್ನು, ಜೋಳದ ತೆನೆಗಳನ್ನು ಡಾಂಬರಿನ ಮೇಲೆ ಹರವಿ ವಾಹನಗಳ ಗಾಲಿಯಿಂದ ರಾಶಿ ಮಾಡಿಸುತ್ತಾರೆ. ಒಣ ತೊಗರಿ ಕಾಳಿನ ಮೇಲೆ ಬ್ರೇಕ್ ಹಾಕುವುದೆಂದರೆ ಗೋಲಿಗಳ ಮೇಲೆ ಕಾಲಿಟ್ಟಂತೆ; ರಾತ್ರಿ ಆ ರಾಶಿಗೆ ಕಾವಲಾಗಿ ಇಟ್ಟ ಕಲ್ಲುಗಳು ಅದಕ್ಕಿಂತಲೂ ಅಪಾಯ. ರೈತರನ್ನು ಬೈದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಊರಿಗೂ ಸಾಮೂಹಿಕ ಒಕ್ಕಣೆ ಕಣವಿದ್ದರೆ ಅವರೇಕೆ ಹೆದ್ದಾರಿಗೆ ಬರುತ್ತಾರೆ? ರಸ್ತೆ ಬದಿಯ ಸೌಕರ್ಯ ಎಂದರೆ ಇದೂ ಸೇರಬೇಕು.

ಕಬ್ಬು ನುರಿಸುವ ಹಂಗಾಮಿನಲ್ಲಿ ಬೀದರ್ ಜಿಲ್ಲೆಯ ಭಾಗದಲ್ಲಿ ರಾತ್ರಿ ಗಾಡಿ ಓಡಿಸುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. ಎರಡು ಟ್ರಾಲಿ ಜೋಡಿಸಿಕೊಂಡು, ಅಗಲಕ್ಕೂ ಎತ್ತರಕ್ಕೂ ಮೀರಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇರುವುದಿಲ್ಲ, ಹೊಳೆಯುವ ಪಟ್ಟಿಯೂ ಇರುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಎಂಬತ್ತರ ವೇಗದ ವಾಹನ ಅಪಾಯ ಕಂಡು, ಯೋಚಿಸಿ, ಬ್ರೇಕ್ ಹಾಕಿ ನಿಲ್ಲಲು 120 ಮೀಟರ್ ಬೇಕು. ನೂರರ ವೇಗಕ್ಕೆ 180 ಮೀಟರ್. ಎದುರು ವಾಹನದ ಹೈ ಬೀಮ್ ಕಣ್ಣಿಗೆ ಬಿದ್ದಾಗ ಕತ್ತಲಲ್ಲಿರುವ ಟ್ರಾಲಿ ಅಷ್ಟು ದೂರದಿಂದ ಕಾಣುವುದೇ ಇಲ್ಲ. ಆ ಹೊತ್ತಿನಲ್ಲಿ ಚಾಲಕನಿಗೆ ಆಸರೆಯಾಗುವುದು ಎಡ ಅಂಚಿನ ಬಿಳಿ ಗೆರೆ ಮತ್ತು ರಸ್ತೆಗೆ ನೆಟ್ಟ, ಬೆಳಕಿಗೆ ಹೊಳೆಯುವ ಬಿಲ್ಲೆಗಳು ಮಾತ್ರ. ಗೆರೆ ಅಳಿಸಿಹೋದ ತುಣುಕುಗಳಲ್ಲಿ ರಸ್ತೆ ಎಲ್ಲಿ ಮುಗಿಯುತ್ತದೆಂದೇ ತಿಳಿಯದು. ಅಂಚು ಕುಸಿದಿರುವ ಕಡೆಯೇ ಅಂಚಿನ ಗೆರೆಯೂ ಅಳಿಸಿರುವುದನ್ನು ಹಲವು ಬಾರಿ ಗಮನಿಸಿದ್ದೇನೆ.

ವೇಗ ತಡೆಯುವ ಉಬ್ಬುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಪಘಾತವಾದ ಮರುದಿನ ಊರಿನವರ ಒತ್ತಾಯಕ್ಕೆ ಹಾಕಿದ ಉಬ್ಬುಗಳಿಗೆ ಬಣ್ಣವೂ ಇಲ್ಲ, ಮುಂಚಿತವಾಗಿ ಫಲಕವೂ ಇಲ್ಲ. ಇಪ್ಪತ್ತೈದರ ವೇಗಕ್ಕೆ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರದ ದುಂಡು ಉಬ್ಬು ಇರಬೇಕೆಂದು ನಿಗದಿಯಿದೆ. ನಾನು ಕಂಡವುಗಳಲ್ಲಿ ಹಲವು ಒಡ್ಡಿನಂತೆ ಕಡಿದಾಗಿವೆ. ತಿರುವಿನ ಫಲಕಗಳನ್ನು ಜಾಲಿ ಮುಚ್ಚಿದೆ, ಕೆಲವನ್ನು ಹುಟ್ಟುಹಬ್ಬದ ಬ್ಯಾನರುಗಳು ಮುಚ್ಚಿವೆ. ಸಣ್ಣ ಮೋರಿಗಳ ಬಳಿ ಲೋಹದ ತಡೆಬೇಲಿ ಹಾಕಿದ್ದು ಒಳ್ಳೆಯದು, ಆದರೆ ಬೇಲಿಯ ತುದಿಯನ್ನು ನೆಲಕ್ಕೆ ಬಾಗಿಸದೆ, ಹೊರಕ್ಕೂ ತಿರುಗಿಸದೆ ಈಟಿಯಂತೆ ಬಿಟ್ಟ ಕಡೆ ಕಾಯಬೇಕಾದ ಬೇಲಿಯೇ ಇರಿಯುತ್ತದೆ. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ 65 ಸೇರುವಲ್ಲಿ ಮಾತ್ರ ತುಂಬ ಎಚ್ಚರ ಬೇಕು. ನಾಲ್ಕು ಸಾಲಿನ ವೇಗಕ್ಕೆ ಒಗ್ಗಿದ ಲಾರಿಗಳು ಎರಡು ಸಾಲಿನ ದಾರಿಗೆ ಅದೇ ವೇಗದಲ್ಲಿ ತಿರುಗುತ್ತವೆ.

ಒಂದು ವಿಷಯ ಬಳಕೆದಾರರಿಗೆ ಗೊತ್ತಿರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅದೇ ತಿದ್ದುಪಡಿಯ 134ಎ ಕಲಮು ಗಾಯಾಳುವಿಗೆ ನೆರವಾದವರನ್ನು ಕಾಪಾಡುತ್ತದೆ. ಅಪಘಾತ ಕಂಡರೆ ಪೊಲೀಸರ ಭಯದಿಂದ ದಾಟಿ ಹೋಗಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಆಂಬುಲೆನ್ಸಿಗೆ 108.

ಅಂಕ ಕೊಡಬೇಕೆಂದರೆ, ಡಾಂಬರಿನ ಮೈಗೆ ಐದರಲ್ಲಿ ನಾಲ್ಕು. ಫಲಕ, ಗೆರೆ, ಉಬ್ಬು, ಬೇಲಿಗಳಿಗೆ ಎರಡೂವರೆ. ಅಂಚಿಗೆ, ಹುಮನಾಬಾದಿನ ಆಚೆ ಮೂರು, ಈಚೆ ಒಂದು. ಹೊಸದಾಗಿ ಈ ದಾರಿ ಹಿಡಿಯುವವರು ಹಗಲಿನಲ್ಲಿ ಹೋಗಿ. ಎದುರು ಬಸ್ಸು ಬಂದರೆ ಎಡಕ್ಕೆ ಸರಿಯುವ ಮೊದಲು ವೇಗ ಇಳಿಸಿ. ನನ್ನ ಗಾಲಿ ಬಿದ್ದ ಜಾಗಕ್ಕೆ ಈ ಬೇಸಿಗೆಯಲ್ಲಿ ಎರಡು ಬುಟ್ಟಿ ಮಣ್ಣು ಸುರಿದದ್ದನ್ನು ಕಂಡೆ, ಆದರೆ ಅದುಮಿರಲಿಲ್ಲ. ಮಳೆ ಮುಗಿದ ಮೇಲೆ ಅಲ್ಲಿ ಮತ್ತೆ ಇಳಿದು ಪಾದವಿಟ್ಟು ನೋಡುತ್ತೇನೆ; ಅಂಚು ಸರಿಯಾಗಿದ್ದರೆ ಈ ಅಂಕವನ್ನು ಸಂತೋಷದಿಂದ ತಿದ್ದುತ್ತೇನೆ.